ಆರು ಅಡಿ ಅಂತರ ಮತ್ತು ಮುಚ್ಚಿದ ಕೊಳಗಳು

ಈಜುಕೊಳದ ಮಾತು ನಮಗ್ಯಾಕೆ ಅಂತ ಕೆಲವು ಗೆಳೆಯರು ಕೇಳಬಹುದು. ಕುಡಿಯೋ ನೀರಿಗೇ ಬಡಿದಾಡಿಕೊಂಡು ಬಂದ ಜನ ನಾವು. ನಮ್ಮ ಕೇರಿಯ ಹುಡುಗರು ಈಜು ಕಲಿತದ್ದು ಕಲ್ಲುಕ್ವಾರಿಯ ಹೊಂಡದಲ್ಲಿ, ನಾಲೆಯಲ್ಲಿ. ಸೊಂಟಕ್ಕೆ ಬೆಂಡು ಕಟ್ಟಿಕೊಂಡು, ಮಾವನೋ ಅಣ್ಣನೋ ಮೇಲೆ ನಿಂತು ಕಾಯುತ್ತಿರುವಾಗ ಊರಬಾವಿಗೆ ಧುಮುಕುವ ಸುಖ ಊರ ಹುಡುಗರದ್ದು. ನಾವು ಅದನ್ನು ದೂರ ನಿಂತು ನೋಡಿದವರು. ಹೀಗಿರುವಾಗ ನೀಲಿ ಬಿಲ್ಲೆ ಹಾಸಿದ ಕೊಳದ ಕಥೆ ಯಾಕೆ?

ಯಾಕೆಂದರೆ, 2020ರಲ್ಲಿ ಕೊರೋನಾ ಬಂದಾಗ ಇಡೀ ಜಗತ್ತು ಒಂದು ಹೊಸ ಪಾಠ ಕಲಿಯಿತು. ಮುಟ್ಟಬೇಡಿ, ದೂರ ನಿಲ್ಲಿ, ಅಂತರ ಕಾಯ್ದುಕೊಳ್ಳಿ. ನಮ್ಮ ಊರೂರಿನ ಗೋಡೆಯ ಮೇಲೆ 'ಸಾಮಾಜಿಕ ಅಂತರ' ಎಂದು ಬರೆಸಿದರು. ಆ ವರ್ಷದ ಮಾರ್ಚಿಯಲ್ಲೇ ವಿಶ್ವ ಆರೋಗ್ಯ ಸಂಸ್ಥೆಯವರು 'ಸಾಮಾಜಿಕ ಅಂತರ ಅನ್ನಬೇಡಿ, ದೈಹಿಕ ಅಂತರ ಅನ್ನಿ' ಎಂದು ತಿದ್ದಿಕೊಂಡರು. ನಮ್ಮ ಗೋಡೆಗಳು ತಿದ್ದಿಕೊಳ್ಳಲಿಲ್ಲ. ಸಾಮಾಜಿಕ ಅಂತರ ಅನ್ನುವ ಮಾತು ಇಲ್ಲಿ ಯಾರ ಕಿವಿಗೂ ಹೊಸದಾಗಿ ಕೇಳಿಸಲಿಲ್ಲ, ಅಷ್ಟೇ.

ಮೊದಲೇ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ರೋಗ ಸುಳ್ಳು, ಅಂತರದ ನಿಯಮ ಮೋಸ ಅಂತ ನಾವು ವಾದಿಸುತ್ತಿಲ್ಲ. ರೋಗ ನಿಜವಾಗಿತ್ತು. ಅದು ನಮ್ಮ ಜನರನ್ನೂ ಕೊಂದಿತು. ಎಲ್ಲರೂ ಮನೆಯೊಳಗಿದ್ದಾಗ ಬೀದಿ ಗುಡಿಸಿದವರು, ಹೆಣ ಸುಟ್ಟವರು ಯಾರು ಅಂತ ನಿಮಗೂ ಗೊತ್ತು. ಆದರೆ ರೋಗದ ಅಂತರಕ್ಕೂ ಜಾತಿಯ ಅಂತರಕ್ಕೂ ಎರಡು ವ್ಯತ್ಯಾಸಗಳಿವೆ. ರೋಗದ ಅಂತರ ಎಲ್ಲರಿಗೂ ಒಂದೇ ಆಗಿರಬೇಕು, ಮತ್ತು ರೋಗ ಹೋದ ಮೇಲೆ ಅದೂ ಹೋಗಬೇಕು. ಜಾತಿಯ ಅಂತರ ಕೆಲವರಿಗೆ ಮಾತ್ರ, ಅದಕ್ಕೆ ಕೊನೆಯೂ ಇಲ್ಲ. ಒಂದು ನಿಯಮ ಈ ಎರಡರಲ್ಲಿ ಯಾವುದು ಅಂತ ತಿಳಿಯಬೇಕಾದರೆ ಎರಡು ಪ್ರಶ್ನೆ ಕೇಳಿದರೆ ಸಾಕು: ಯಾರಿಗೆ? ಎಲ್ಲೀತನಕ? ಈ ಎರಡು ಪ್ರಶ್ನೆ ಹಿಡಿದುಕೊಂಡು ನಾವು ಅಮೆರಿಕದ ಸಾರ್ವಜನಿಕ ಈಜುಕೊಳಗಳ ಚರಿತ್ರೆಯನ್ನು ನೋಡೋಣ. ನೀರು, ರೋಗದ ಭಯ, ಅಂತರ ಈ ಮೂರೂ ಒಂದೇ ಕಡೆ ಸಿಕ್ಕುವ ಚರಿತ್ರೆ ಅದು.

ಕೊಳಗಳು ಹುಟ್ಟಿದ್ದು ಬಡವರ ಮೈ ತೊಳೆಯಲಿಕ್ಕೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಾಸ್ಟನ್, ಫಿಲಡೆಲ್ಫಿಯಾದಂಥ ಊರುಗಳಲ್ಲಿ ಕಾರ್ಖಾನೆ ಕೂಲಿಗಳ ಮನೆಯಲ್ಲಿ ಬಚ್ಚಲೇ ಇರಲಿಲ್ಲ. ಕೊಳಕು ಬಡವರಿಂದ ರೋಗ ಹರಡುತ್ತದೆ ಅಂತ ಶ್ರೀಮಂತರಿಗೆ ಹೆದರಿಕೆ. ಹಾಗಾಗಿ ನಗರಸಭೆಗಳು ಕೂಲಿಕೇರಿಗಳಲ್ಲಿ ಕೊಳ ಕಟ್ಟಿಸಿದವು. ಫಿಲಡೆಲ್ಫಿಯಾದಲ್ಲಿ ಇದು 1883ರಲ್ಲೇ ಶುರುವಾಯಿತು. ಗಂಡಸರಿಗೆ ಕೆಲವು ದಿನ, ಹೆಂಗಸರಿಗೆ ಕೆಲವು ದಿನ. ಈ ಕೊಳಗಳ ಚರಿತ್ರೆಯನ್ನು 2007ರಲ್ಲಿ ಪುಸ್ತಕವಾಗಿ ಬರೆದ ಜೆಫ್ ವಿಲ್ಟ್ಸೆ ಒಂದು ಸಂಗತಿ ಎತ್ತಿ ತೋರಿಸುತ್ತಾರೆ. ಆ ಕಾಲದ ಉತ್ತರದ ಊರುಗಳಲ್ಲಿ ಕರಿಯ ಕೂಲಿಗಳೂ ಬಿಳಿಯ ಕೂಲಿಗಳೂ ಒಂದೇ ಕೊಳದಲ್ಲಿ ಈಜುತ್ತಿದ್ದರು. ಅಂದರೆ ಬೇರ್ಪಡಿಸುವುದು ಆದಿಯಿಂದ ಬಂದ ಪದ್ಧತಿ ಏನಲ್ಲ. ಅದನ್ನು ಆಮೇಲೆ ತಂದರು.

ತಂದದ್ದು 1920ರ ದಶಕದಲ್ಲಿ. ಆಗ ಕೊಳಗಳ ಸ್ವರೂಪವೇ ಬದಲಾಯಿತು. ಮೈ ತೊಳೆಯುವ ಜಾಗ ಹೋಗಿ ವಿಹಾರದ ಜಾಗ ಆಯಿತು. ಸುತ್ತ ಹುಲ್ಲುಹಾಸು, ಮರಳು, ಕುರ್ಚಿ. ಮಧ್ಯಮವರ್ಗದವರು ಬರತೊಡಗಿದರು. ಗಂಡಸರು ಹೆಂಗಸರು ಒಟ್ಟಿಗೆ ನೀರಿಗಿಳಿದರು. 1933ರಿಂದ 1938ರವರೆಗೆ, ಆರ್ಥಿಕ ಕುಸಿತದ ಕಾಲದಲ್ಲಿ, ಕೇಂದ್ರ ಸರ್ಕಾರವೇ ಸುಮಾರು 750 ಹೊಸ ಕೊಳ ಕಟ್ಟಿಸಿತು. 1936ರ ಒಂದೇ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರದಲ್ಲಿ 11 ದೊಡ್ಡ ಕೊಳಗಳು ತೆರೆದವು. ಸಾರ್ವಜನಿಕರ ದುಡ್ಡಿನಲ್ಲಿ ಕಟ್ಟಿದ ಸಾರ್ವಜನಿಕರ ಸ್ವತ್ತು ಅದು. ಆದರೆ ಗಂಡು ಹೆಣ್ಣು ಒಂದೇ ನೀರಿಗಿಳಿದ ಕೂಡಲೇ ಕರಿಯರನ್ನು ಹೊರಗಿಡಲು ಶುರುಮಾಡಿದರು. ಕರಿಯ ಗಂಡಸು, ಬಿಳಿಯ ಹೆಂಗಸು ಒಂದೇ ನೀರಿನಲ್ಲಿ ಇರಕೂಡದು, ಇಷ್ಟೇ ಅವರ ತರ್ಕ.

ಈ ತರ್ಕ ನಮಗೆ ಹೊಸದಲ್ಲ. 1916ರ ಮೇ ತಿಂಗಳಲ್ಲಿ, ಅದೇ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಇಪ್ಪತ್ತೈದು ವರ್ಷದ ವಿದ್ಯಾರ್ಥಿ ಅಂಬೇಡ್ಕರ್ ಭಾರತದ ಜಾತಿಗಳ ಬಗ್ಗೆ ಒಂದು ಪ್ರಬಂಧ ಓದಿದರು. ಜಾತಿಯ ಮೂಲ ಇರುವುದು ಒಳಗೊಳಗೇ ಮದುವೆಯಾಗುವ ಕಟ್ಟುಪಾಡಿನಲ್ಲಿ. ಆ ಕಟ್ಟುಪಾಡು ನಿಂತಿರುವುದು ಹೆಣ್ಣಿನ ಮೇಲೆ ಹಾಕಿದ ಬೇಲಿಯ ಮೇಲೆ ಎಂದು ಅವರು ತೋರಿಸಿಕೊಟ್ಟರು. ಅಮೆರಿಕದ ಈಜುಕೊಳದ ಸುತ್ತ ಎದ್ದದ್ದೂ ಅಂಥದ್ದೇ ಬೇಲಿ. ಹೆಣ್ಣನ್ನು ಕಾಯುತ್ತೇವೆ ಅಂತ ಹೇಳಿ ಅವರು ಕಾದದ್ದು ಬಣ್ಣವನ್ನು.

ಆದರೆ ಇದನ್ನು ಬಾಯಿಬಿಟ್ಟು ಹೇಳಲು ಉತ್ತರದ ನಗರಸಭೆಗಳಿಗೆ ನಾಚಿಕೆ. ಅವರಿಗೊಂದು ನೆಪ ಬೇಕಿತ್ತು. ಆ ನೆಪ ಆರೋಗ್ಯ. 1931ರ ಬೇಸಿಗೆಯಲ್ಲಿ ಪಿಟ್ಸ್‌ಬರ್ಗಿನ ಹೈಲ್ಯಾಂಡ್ ಪಾರ್ಕ್ ಕೊಳ ತೆರೆಯಿತು. ಬಾಗಿಲಲ್ಲಿ ಕರಿಯರನ್ನು ನಿಲ್ಲಿಸಿ 'ನಿಮಗೆ ರೋಗ ಇಲ್ಲ ಅನ್ನೋ ಸರ್ಟಿಫಿಕೇಟು ಎಲ್ಲಿ?' ಅಂತ ಕೇಳಿದರು. ಬಿಳಿಯರನ್ನು ಕೇಳಲಿಲ್ಲ. ಹೇಗೋ ಒಳಗೆ ಹೋದ ಕರಿಯ ಹುಡುಗರನ್ನು ಬಿಳಿಯರ ಗುಂಪು ನೀರಿನಲ್ಲೇ ಬಡಿಯಿತು. ಪೊಲೀಸರು ನೋಡುತ್ತಾ ನಿಂತರು. ನಮ್ಮ ಮೊದಲ ಪ್ರಶ್ನೆ ಇಲ್ಲಿ ಹಾಕಿ ನೋಡಿ: ನಿಯಮ ಯಾರಿಗೆ? ಉತ್ತರ ಬಾಗಿಲಲ್ಲೇ ಸಿಕ್ಕುತ್ತದೆ.

ಇದಕ್ಕೆ ನಾಲ್ಕು ವರ್ಷ ಮೊದಲು ಮಹಾಡಿನಲ್ಲಿ ನಡೆದದ್ದನ್ನು ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. 1923ರಲ್ಲಿ ಬೊಂಬಾಯಿ ಶಾಸನಸಭೆ ಬೋಳೆಯವರ ಗೊತ್ತುವಳಿಯನ್ನು ಒಪ್ಪಿ, ಸರ್ಕಾರದ ದುಡ್ಡಿನ ಕೆರೆ ಬಾವಿಗಳೆಲ್ಲ ಅಸ್ಪೃಶ್ಯರಿಗೂ ಸೇರಿದ್ದು ಎಂದಿತು. 1924ರಲ್ಲಿ ಮಹಾಡಿನ ಪುರಸಭೆಯೂ ಚವದಾರ್ ಕೆರೆ ಎಲ್ಲರಿಗೂ ತೆರೆದಿದೆ ಎಂದು ಗೊತ್ತುವಳಿ ಮಾಡಿತು. ಕಾಗದದಲ್ಲಿ ತೆರೆದ ಕೆರೆಗೆ ನಿಜವಾಗಿ ಕೈಹಾಕಿದ್ದು 1927ರ ಮಾರ್ಚ್ 20ರಂದು, ಬಾಬಾಸಾಹೇಬರು ಬೊಗಸೆ ನೀರು ಎತ್ತಿ ಕುಡಿದಾಗ. ಆಮೇಲೆ ನಮ್ಮವರ ಮೇಲೆ ದೊಣ್ಣೆ ಬಿತ್ತು. ಸವರ್ಣೀಯರು 108 ಕೊಡ ಪಂಚಗವ್ಯ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ದನ ಎಮ್ಮೆ ಕುಡಿದಾಗ ಕೆಡದ ನೀರು ಮನುಷ್ಯ ಮುಟ್ಟಿದ್ದಕ್ಕೆ ಕೆಟ್ಟಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಪುರಸಭೆ ತನ್ನ ಗೊತ್ತುವಳಿಯನ್ನೇ ವಾಪಸ್ಸು ತಗೊಂಡಿತು. ಆ ನೀರಿನ ಹಕ್ಕು ಹೈಕೋರ್ಟಿನಲ್ಲಿ ಗಟ್ಟಿಯಾದದ್ದು 1937ರ ಮಾರ್ಚಿಯಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಇತ್ತ ಅಮೆರಿಕದಲ್ಲೂ ಕಾಗದಕ್ಕೂ ನೀರಿಗೂ ಇದೇ ದೂರ. ಸೇಂಟ್ ಲೂಯಿಯ ಫೇರ್‌ಗ್ರೌಂಡ್ ಪಾರ್ಕ್ ಕೊಳ 1913ರಲ್ಲಿ ತೆರೆದದ್ದು. ಸಾವಿರಾರು ಜನ ಒಮ್ಮೆಗೇ ಇಳಿಯಬಹುದಾದ ಭಾರಿ ಕೊಳ. ಬಿಳಿಯರಿಗೆ ಮಾತ್ರ. 1949ರ ಜೂನ್ 21ರಂದು ಮೊದಲ ಸಲ ಕರಿಯ ಮಕ್ಕಳನ್ನು ಬಿಟ್ಟರು. ಬೇಲಿಯಾಚೆ ಬಿಳಿಯರ ಗುಂಪು ಸೇರಿತು. ಮಕ್ಕಳನ್ನು ಪೊಲೀಸರ ನಡುವೆ ಹೊರಗೆ ಕರಕೊಂಡು ಹೋಗಬೇಕಾಯಿತು. ಸಂಜೆ ಹೊತ್ತಿಗೆ ಸಾವಿರಾರು ಮಂದಿ ಸೇರಿ ಸಿಕ್ಕ ಸಿಕ್ಕ ಕರಿಯರನ್ನು ಹೊಡೆದರು. ಮೇಯರು ಏನು ಮಾಡಿದ? ಹೊಡೆದವರಿಗೆ ಶಿಕ್ಷೆ ಕೊಡುವ ಬದಲು ಹೊಡೆತ ತಿಂದವರನ್ನೇ ಮತ್ತೆ ಹೊರಗಿಟ್ಟ. ಮಾರನೆಯ ವರ್ಷ ಕೋರ್ಟು ಕೊಳವನ್ನು ಎಲ್ಲರಿಗೂ ತೆರೆಸಿತು. ಆಗ ಬಿಳಿಯರೇ ಬರುವುದನ್ನು ಬಿಟ್ಟರು. 1948ರ ಬೇಸಿಗೆಯಲ್ಲಿ ಮೂರು ಲಕ್ಷಕ್ಕೂ ಮೀರಿದ್ದ ಹಾಜರಿ 1950ರಲ್ಲಿ ಹತ್ತು ಸಾವಿರದ ಆಸುಪಾಸಿಗೆ ಇಳಿಯಿತು. 1956ರಲ್ಲಿ ಕೊಳವನ್ನೇ ಮುಚ್ಚಿದರು.

ಬಿಟ್ಟುಹೋದ ಬಿಳಿಯರು ಎಲ್ಲಿಗೆ ಹೋದರು? ತಮ್ಮ ಹಿತ್ತಲಿಗೆ, ತಮ್ಮ ಕ್ಲಬ್ಬಿಗೆ. 1950ರಲ್ಲಿ ಮನೆಯ ಹಿತ್ತಲಲ್ಲಿ ಕೊಳ ತೋಡಿಸಿಕೊಂಡಿದ್ದ ಅಮೆರಿಕನ್ ಕುಟುಂಬಗಳು ಸುಮಾರು 2,500. 1999ರ ಹೊತ್ತಿಗೆ ಅವು 40 ಲಕ್ಷ. ಇದಕ್ಕೆ ಬಡವರ ಜೇಬಿನಿಂದ ಹೋದ ತೆರಿಗೆ ಬೇಕಾಗಿರಲಿಲ್ಲ, ಆದರೆ ಬಡವರ ಕೊಳಕ್ಕೆ ದುಡ್ಡು ಕೊಡಿ ಅಂತ ನಗರಸಭೆಯಲ್ಲಿ ದನಿ ಎತ್ತುವ ಉಳ್ಳವರು ಇಲ್ಲವಾದರು. ಉಳ್ಳವರು ಬಿಟ್ಟುಹೋದ ಸಾರ್ವಜನಿಕ ಸ್ವತ್ತಿನ ಗತಿ ಏನಾಗುತ್ತದೆ ಅಂತ ನಮ್ಮ ಹಳ್ಳಿಯ ಸರ್ಕಾರಿ ಶಾಲೆಯ ಮೇಷ್ಟ್ರುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

1964ರ ಜೂನ್ 18ರಂದು ಫ್ಲಾರಿಡಾದ ಸೇಂಟ್ ಆಗಸ್ಟೀನಿನಲ್ಲಿ ಕರಿಯರೂ ಬಿಳಿಯರೂ ಸೇರಿದ ಚಳವಳಿಗಾರರ ಗುಂಪು ಮಾನ್ಸನ್ ಎಂಬ ಬಿಳಿಯರ ಹೋಟೆಲಿನ ಕೊಳಕ್ಕೆ ಧುಮುಕಿತು. ಮ್ಯಾನೇಜರು ಆ್ಯಸಿಡ್ಡಿನ ಕ್ಯಾನು ತಂದು ನೀರಿಗೆ ಸುರಿದ. ಕೊಳದ ಟೈಲ್ಸು ತೊಳೆಯುವ ಆ್ಯಸಿಡ್ ಅದು. ಆ ಫೋಟೋ ಲೋಕದ ಪತ್ರಿಕೆಗಳಲ್ಲೆಲ್ಲ ಬಂತು. ಎರಡೇ ವಾರದಲ್ಲಿ, ಜುಲೈ 2ರಂದು, ನಾಗರಿಕ ಹಕ್ಕುಗಳ ಕಾಯಿದೆಗೆ ಸಹಿ ಬಿತ್ತು. ಮಹಾಡಿನಲ್ಲಿ ಪಂಚಗವ್ಯ, ಸೇಂಟ್ ಆಗಸ್ಟೀನಿನಲ್ಲಿ ಆ್ಯಸಿಡ್. ಪುರೋಹಿತನ ಕೈಯ ಕೊಡ ಬೇರೆ, ಮ್ಯಾನೇಜರಿನ ಕೈಯ ಕ್ಯಾನು ಬೇರೆ, ಕೆಲಸ ಒಂದೇ.

ಇನ್ನು ಜಾಕ್ಸನ್ನಿನ ಕಥೆ. ನಮ್ಮ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಮಿಸಿಸಿಪಿ ರಾಜ್ಯದ ಜಾಕ್ಸನ್ ನಗರದಲ್ಲಿ ಐದು ಸಾರ್ವಜನಿಕ ಕೊಳಗಳಿದ್ದವು. ನಾಲ್ಕು ಬಿಳಿಯರಿಗೆ, ಒಂದು ಕರಿಯರಿಗೆ. 1962ರಲ್ಲಿ ಕೋರ್ಟು ಈ ಬೇರ್ಪಡೆ ಕಾನೂನಿಗೆ ವಿರುದ್ಧ ಎಂದಿತು. ನಗರಸಭೆ ಪಾರ್ಕುಗಳನ್ನು ಎಲ್ಲರಿಗೂ ತೆರೆಯಿತು, ಪ್ರಾಣಿಸಂಗ್ರಹಾಲಯವನ್ನೂ ತೆರೆಯಿತು. ಕೊಳಗಳನ್ನು ಮಾತ್ರ ಮುಚ್ಚಿಬಿಟ್ಟಿತು. ಐದನ್ನೂ. ಒಂದು ಕೊಳ ಬಾಡಿಗೆಯದು. ಅದನ್ನು ಮೂಲ ಸಂಸ್ಥೆಗೆ ವಾಪಸ್ಸು ಕೊಟ್ಟರು, ಅದು ಬಿಳಿಯರಿಗೆ ಮಾತ್ರ ನಡೆಯಿತು. ಕರಿಯ ನಾಗರಿಕರು ಕೇಸು ಹಾಕಿದರು. ಸುಪ್ರೀಂ ಕೋರ್ಟು 1971ರ ಜೂನಿನಲ್ಲಿ ತೀರ್ಪು ಕೊಟ್ಟಿತು, ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಬಹುಮತದ ತೀರ್ಪಿನ ಸಾರ ಇಷ್ಟು: ಮುಚ್ಚಿರುವುದು ಕರಿಯರಿಗೂ ಬಿಳಿಯರಿಗೂ ಸಮಾನವಾಗಿ, ಆದ್ದರಿಂದ ಸಮಾನತೆಗೆ ಭಂಗ ಬಂದಿಲ್ಲ. ಆ ಪೀಠದಲ್ಲಿದ್ದ ಒಬ್ಬನೇ ಕರಿಯ ನ್ಯಾಯಮೂರ್ತಿ ತರ್ಗುಡ್ ಮಾರ್ಷಲ್ ಇದನ್ನು ಒಪ್ಪಲಿಲ್ಲ.

ಗೆಳೆಯರೇ, ಈ ತೀರ್ಪನ್ನು ನಾವು ಎರಡೆರಡು ಸಲ ಓದಬೇಕು. ಹಂಚಿಕೊಳ್ಳುವುದಕ್ಕಿಂತ ಹಾಳುಮಾಡುವುದೇ ಮೇಲು ಎನ್ನುವುದಕ್ಕೆ ಕಾನೂನಿನ ಮುದ್ರೆ ಬಿದ್ದದ್ದು ಹೀಗೆ. ಬಾಗಿಲು ಎಲ್ಲರಿಗೂ ಮುಚ್ಚಿದೆ ಅಂದಾಗ ಅದು ಸಮಾನತೆಯ ಹಾಗೇ ಕಾಣುತ್ತದೆ. ಆದರೆ ಒಬ್ಬನಿಗೆ ಹಿತ್ತಲಲ್ಲಿ ಕೊಳ ಇದೆ, ಇನ್ನೊಬ್ಬನಿಗೆ ಹಿತ್ತಲೇ ಇಲ್ಲ. 1966ರ ಜುಲೈನಲ್ಲಿ ಷಿಕಾಗೋದ ಕರಿಯರ ಬೀದಿಗಳಲ್ಲಿ ಸುಡುಬಿಸಿಲಿಗೆ ಮಕ್ಕಳು ಬೆಂಕಿ ಆರಿಸುವ ನಲ್ಲಿ ಬಿಟ್ಟುಕೊಂಡು ಆಡುತ್ತಿದ್ದಾಗ ಪೊಲೀಸರು ಬಂದು ನಲ್ಲಿ ಬಂದ್ ಮಾಡಿದರು. ಅದರಿಂದಲೇ ದಂಗೆ ಎದ್ದಿತು. ಆಮೇಲೆ ನಗರಸಭೆಯೇ ನಲ್ಲಿಗೆ ಚಿಮ್ಮುಗೊಳವೆ ಹಾಕಿಸಿ, ಎತ್ತಿ ಇಡುವಂಥ ಕೊಳಗಳನ್ನು ತರಿಸಿತು. 1968ರಲ್ಲಿ ಸರ್ಕಾರದ ಕೆರ್ನರ್ ಆಯೋಗ ದಂಗೆಗಳ ಕಾರಣ ಪಟ್ಟಿ ಮಾಡಿದಾಗ ಪೊಲೀಸರ ದೌರ್ಜನ್ಯ, ನಿರುದ್ಯೋಗ, ಮನೆಗಳ ಸ್ಥಿತಿ ಇವುಗಳ ನಂತರ ಮಕ್ಕಳ ಆಟಪಾಟಕ್ಕೆ ಜಾಗವಿಲ್ಲದ್ದನ್ನೂ ಬರೆಯಿತು. ಆಟ ಅನ್ನುವುದು ಹೊಟ್ಟೆ ತುಂಬಿದವರ ಮಾತು ಅಂತ ನಾವೂ ಕೆಲವು ಸಲ ಅಂದುಕೊಂಡಿದ್ದೇವೆ. ಅದು ತಪ್ಪು.

ಈ ಚರಿತ್ರೆಯ ಲೆಕ್ಕ ಸಾವಿನಲ್ಲಿ ಕಾಣುತ್ತದೆ. ಅಮೆರಿಕದ ಸರ್ಕಾರಿ ರೋಗನಿಯಂತ್ರಣ ಕೇಂದ್ರ 1999ರಿಂದ 2010ರವರೆಗಿನ ಅಂಕಿಗಳನ್ನು ಲೆಕ್ಕ ಹಾಕಿತ್ತು. ಐದರಿಂದ ಹತ್ತೊಂಬತ್ತು ವರ್ಷದೊಳಗಿನ ಕರಿಯ ಮಕ್ಕಳು ಈಜುಕೊಳದಲ್ಲಿ ಮುಳುಗಿ ಸಾಯುವ ಪ್ರಮಾಣ ಬಿಳಿಯ ಮಕ್ಕಳ ಐದೂವರೆ ಪಟ್ಟು. ಅಪ್ಪ ಈಜು ಕಲಿಯಲಿಲ್ಲ, ಯಾಕೆಂದರೆ ಅವನನ್ನು ಬಿಡಲಿಲ್ಲ. ಹಾಗಾಗಿ ಮಗನಿಗೆ ಕಲಿಸುವವರಿಲ್ಲ. ಬೋರ್ಡು ತೆಗೆದು ಅರ್ಧ ಶತಮಾನ ಆದ ಮೇಲೂ ಬೋರ್ಡಿನ ಕೆಲಸ ನಡೆಯುತ್ತಲೇ ಇದೆ.

ಇಷ್ಟೆಲ್ಲ ಇಟ್ಟುಕೊಂಡು 2020ಕ್ಕೆ ಬರೋಣ. ಮಾರ್ಚಿಯಲ್ಲಿ ಎಲ್ಲ ಕೊಳಗಳೂ ಮುಚ್ಚಿದವು. ಅದು ಸರಿಯೇ. ಮೇ ತಿಂಗಳ ಹೊತ್ತಿಗೆ ಅದೇ ರೋಗನಿಯಂತ್ರಣ ಕೇಂದ್ರ ಕೊಳ ತೆರೆಯುವವರಿಗೆ ಸೂಚನೆ ಕೊಟ್ಟಿತು. ಕೊಳದ ನೀರಿನಿಂದ ವೈರಸ್ ಹರಡುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಭಯ ಇರುವುದು ಉಸಿರಿನಲ್ಲಿ, ಬಟ್ಟೆ ಬದಲಾಯಿಸುವ ಕೋಣೆಯಲ್ಲಿ, ಸಾಲಿನಲ್ಲಿ. ಆದ್ದರಿಂದ ನೀರಿನ ಒಳಗೂ ಹೊರಗೂ ಬೇರೆ ಬೇರೆ ಮನೆಯವರ ನಡುವೆ ಆರು ಅಡಿ ಇರಲಿ. ನೀರಿನಲ್ಲಿ ಮಾಸ್ಕು ಬೇಡ, ಒದ್ದೆಯಾದರೆ ಉಸಿರು ಕಟ್ಟುತ್ತದೆ. ಲೈಫ್‌ಗಾರ್ಡುಗಳ ಕೈಲಿ ಅಂತರ ನೋಡುವ ಕೆಲಸ ಮಾಡಿಸಬೇಡಿ, ಅವರ ಕಣ್ಣು ಮುಳುಗುವವರ ಮೇಲಿರಲಿ. 2021ರ ಏಪ್ರಿಲಿನಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಜ್ಞಾನಿಗಳು ಇನ್ನೂ ಒಂದು ಸಂಗತಿ ಹೇಳಿದರು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಕ್ಲೋರಿನ್ ಇದ್ದು, ಹುಳಿ-ಕ್ಷಾರದ ಮಟ್ಟ ಸರಿಯಾಗಿದ್ದರೆ, ಮೂವತ್ತೇ ಸೆಕೆಂಡಿನಲ್ಲಿ ಕೊಳದ ನೀರು ಆ ವೈರಸ್ಸಿನ ಸೋಂಕುಶಕ್ತಿಯನ್ನು ಸಾವಿರ ಪಟ್ಟಿಗೂ ಹೆಚ್ಚು ಇಳಿಸುತ್ತದೆ.

ನೋಡಿ, ಇದು ವಿಜ್ಞಾನ ಮಾತಾಡುವ ರೀತಿ. ಎಷ್ಟು ಕ್ಲೋರಿನ್, ಎಷ್ಟು ಸೆಕೆಂಡು, ಎಷ್ಟು ಅಡಿ ಅಂತ ಅಳೆದು ಹೇಳುತ್ತದೆ. ಅದರ ಅಳತೆಯಲ್ಲಿ ಯಾರ ಮೈಯ ಬಣ್ಣವೂ ಇಲ್ಲ, ಯಾರ ಅಪ್ಪನ ಹೆಸರೂ ಇಲ್ಲ. ಮೈಲಿಗೆ ಹೀಗೆ ಮಾತಾಡುವುದಿಲ್ಲ. ಮೈಲಿಗೆಗೆ ಅಳತೆ ಇಲ್ಲ, ಅವಧಿ ಇಲ್ಲ, ಪರೀಕ್ಷೆಯೂ ಇಲ್ಲ. ಹಾಗಾಗಿ ಆರು ಅಡಿಯ ನಿಯಮ ಅಸ್ಪೃಶ್ಯತೆಯ ಇನ್ನೊಂದು ರೂಪ ಅನ್ನುವವರ ಜೊತೆ ನಾವಿಲ್ಲ. ನಮ್ಮ ಪ್ರಶ್ನೆ ನಿಯಮದ ಬಗ್ಗೆ ಅಲ್ಲ, ಬಾಗಿಲಿನ ಬಗ್ಗೆ.

ಬಾಗಿಲು ಯಾರಿಗೆ ತೆರೆಯಿತು? ಹಿತ್ತಲಲ್ಲಿ ಕೊಳ ಇದ್ದವರಿಗೆ ಅದು ಮುಚ್ಚಿಯೇ ಇರಲಿಲ್ಲ. ನ್ಯೂಯಾರ್ಕ್ ನಗರ ಏಪ್ರಿಲಿನಲ್ಲೇ ಖರ್ಚು ಉಳಿಸಬೇಕೆಂದು ಆ ಬೇಸಿಗೆಯ ಬಯಲುಕೊಳಗಳನ್ನೆಲ್ಲ ರದ್ದು ಮಾಡಿತು. ಸೆಕೆ ಏರಿ ಜನ ಕೂಗಿದ ಮೇಲೆ ಜುಲೈ ಕೊನೆಯಿಂದ ಐವತ್ತಕ್ಕೂ ಹೆಚ್ಚು ಕೊಳಗಳಲ್ಲಿ 15ನ್ನು ತೆರೆಯಿತು. ಫಿಲಡೆಲ್ಫಿಯಾ, 1883ರಲ್ಲಿ ಬಡವರಿಗಾಗಿ ಕೊಳ ತೆರೆದ ಆ ಊರು, 2020ರ ಬೇಸಿಗೆಯಲ್ಲಿ ತನ್ನ ಬಯಲುಕೊಳ ಒಂದನ್ನೂ ತೆರೆಯಲಿಲ್ಲ. ಅಲ್ಲೂ ಕಾರಣ ರೋಗದ ಜೊತೆಗೆ ಬಜೆಟ್ಟು. ಒಂದು ವರ್ಷ ತರಬೇತಿ ನಿಂತದ್ದರಿಂದ ಮುಂದಿನ ಬೇಸಿಗೆಗಳಲ್ಲಿ ಲೈಫ್‌ಗಾರ್ಡುಗಳೇ ಸಿಕ್ಕಲಿಲ್ಲ, ರೋಗ ಇಳಿದ ಮೇಲೂ ಎಷ್ಟೋ ಊರುಗಳಲ್ಲಿ ಕೊಳಗಳು ಮುಚ್ಚಿಯೇ ಇದ್ದವು. ಇಲ್ಲಿ ಯಾರೂ ಬಿಳಿಯರಿಗೆ ಮಾತ್ರ ಅಂತ ಬೋರ್ಡು ಹಾಕಲಿಲ್ಲ. ಹಾಕುವ ಅಗತ್ಯವೇ ಬರಲಿಲ್ಲ. ಸರ್ಕಾರಿ ಕೊಳ ಬಿಟ್ಟರೆ ಬೇರೆ ನೀರಿಲ್ಲದವರು ಯಾರು ಅಂತ ಹಿಂದಿನ ಐವತ್ತು ವರ್ಷದ ಚರಿತ್ರೆಯೇ ತೀರ್ಮಾನ ಮಾಡಿಟ್ಟಿತ್ತು. ಜಾಕ್ಸನ್ನಿನ ತೀರ್ಪು ಹೊಸ ಅಂಗಿ ತೊಟ್ಟು ಬಂದ ಹಾಗಿತ್ತು: ಎಲ್ಲರಿಗೂ ಸಮಾನವಾಗಿ ಮುಚ್ಚಿದೆ!

ನಮ್ಮ ದೇಶದಲ್ಲಿ ಏನಾಯಿತು? 2020ರ ಅಕ್ಟೋಬರ್ 15ರಿಂದ ಕ್ರೀಡಾಪಟುಗಳ ತರಬೇತಿಗೆ ಮಾತ್ರ ಈಜುಕೊಳ ತೆರೆಯಲು ಕೇಂದ್ರ ಸರ್ಕಾರ ಒಪ್ಪಿತು. 2021ರ ಫೆಬ್ರವರಿ 1ರಿಂದ 'ಎಲ್ಲರಿಗೂ' ಎಂದಿತು. ಎಲ್ಲರೂ ಅಂದರೆ ಯಾರು? ಫೀಜು ಕಟ್ಟುವವರು, ಈಜುಡುಗೆ ಕೊಳ್ಳುವವರು, ಪೇಟೆಯಲ್ಲಿರುವವರು. ಹಳ್ಳಿಯ ಮಗುವಿಗೆ ಕೊಳ ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಅದೇ ಮಗು ಕೃಷಿಹೊಂಡಕ್ಕೆ ಜಾರಿ, ಕೆರೆಗೆ ಬಿದ್ದು ಸಾಯುತ್ತದೆ. ಈ ದೇಶದಲ್ಲಿ ವರ್ಷಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಿದ್ದಾರೆ. ಪೇಪರಿನಲ್ಲಿ ಎರಡು ಸಾಲು ಬರುತ್ತದೆ: 'ಈಜು ಬಾರದೆ ಬಾಲಕ ಸಾವು'. ಈಜು ಯಾಕೆ ಬರಲಿಲ್ಲ ಅಂತ ಮೂರನೇ ಸಾಲು ಬರೆಯುವವರಿಲ್ಲ.

ಆ ಮೂರನೇ ಸಾಲನ್ನು ನಾವು ಬರೆಯಬೇಕು. ನಮ್ಮ ಸಂವಿಧಾನ 15ನೇ ವಿಧಿಯ ಎರಡನೇ ಭಾಗದಲ್ಲಿ ಬಾವಿ, ಕೆರೆ, ಸ್ನಾನಘಟ್ಟ ಅಂತ ಒಂದೊಂದನ್ನೂ ಹೆಸರು ಹಿಡಿದು ಹೇಳುತ್ತದೆ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಅಂಥ ಜಾಗಕ್ಕೆ ಯಾರನ್ನೂ ಜಾತಿ ನೋಡಿ ತಡೆಯಕೂಡದು ಎನ್ನುತ್ತದೆ. ಮಹಾಡಿನ ಆ ಬೊಗಸೆ ನೀರೇ ಸಂವಿಧಾನಕ್ಕೆ ಹರಿದು ಬಂದದ್ದು. ಆದರೆ ತಡೆಯಬೇಡಿ ಎನ್ನುವ ವಿಧಿ ಒಂದಿದ್ದರೆ ಸಾಲದು ಅಂತ ಜಾಕ್ಸನ್ ನಮಗೆ ಕಲಿಸುತ್ತದೆ. ತಡೆಯುವುದು ತಪ್ಪು ಅಂದಾಗ ಮುಚ್ಚುವವರು ಬರ್ತಾರೆ. ಮುಚ್ಚುವುದು ತಪ್ಪು ಅಂದರೆ ದುಡ್ಡಿಲ್ಲ ಅನ್ನುವವರು ಬರ್ತಾರೆ.

ಇದು ಕೊಳಕ್ಕೆ ಮಾತ್ರ ಅಲ್ಲ. ಕೊರೋನಾ ಕಾಲದಲ್ಲಿ 'ಸದ್ಯಕ್ಕೆ' ಅಂತ ಮುಚ್ಚಿದ್ದು ಶಾಲೆ, ಹಾಸ್ಟೆಲು, ಲೈಬ್ರರಿ, ಬಸ್ಸಿನ ಟ್ರಿಪ್ಪು ಇನ್ನೂ ಏನೇನೋ ಇತ್ತು. ಅವುಗಳಲ್ಲಿ ಯಾವುದು ಮೊದಲಿನ ಹಾಗೆ ತೆರೆಯಿತು, ಯಾವುದು ಅರ್ಧ ತೆರೆಯಿತು, ಯಾವುದು ತೆರೆಯಲೇ ಇಲ್ಲ ಅಂತ ಪ್ರತಿ ತಾಲ್ಲೂಕಿನಲ್ಲಿ ಕೂತು ಪಟ್ಟಿ ಮಾಡುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು, ಮೇಷ್ಟ್ರುಗಳು ಕೈಗೆ ತಗೋಬೇಕು. ನಮ್ಮ ಕೇರಿಯಿಂದ ಕಾಲೇಜಿಗೆ ಹೋಗುವ ಬೆಳಗಿನ ಬಸ್ಸು 2020ರಲ್ಲಿ ನಿಂತದ್ದು ಮತ್ತೆ ಬರಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಮೂವರು ಹೆಣ್ಣುಮಕ್ಕಳು ಓದು ಬಿಟ್ಟಿದ್ದರು. ಕೇಳಲು ಹೋದಾಗ ಸಿಕ್ಕ ಉತ್ತರ, 'ಎಲ್ಲ ಕಡೆಗೂ ನಿಂತಿದೆಯಲ್ಲಪ್ಪ, ನಿಮಗೊಬ್ಬರಿಗೇನಾ?' ಜಾಕ್ಸನ್ನಿನ ಐವರು ನ್ಯಾಯಾಧೀಶರು ಹೇಳಿದ್ದೂ ಅದನ್ನೇ.

ಮುಂದೆ ಇನ್ನೊಂದು ರೋಗ ಬರಬಹುದು. ಆಗಲೂ ಮಾಸ್ಕು ಹಾಕೋಣ, ಆರು ಅಡಿ ದೂರ ನಿಲ್ಲೋಣ, ಲಸಿಕೆ ಹಾಕಿಸಿಕೊಳ್ಳೋಣ. ಆದರೆ ಬಾಗಿಲು ಮುಚ್ಚುವ ದಿನವೇ ಅಲ್ಲಿ ನಿಂತು ಆ ಎರಡು ಪ್ರಶ್ನೆ ಕೇಳಬೇಕು. ಯಾರಿಗೆ? ಎಲ್ಲೀತನಕ? ಉತ್ತರವನ್ನು ಬರವಣಿಗೆಯಲ್ಲಿ ಇಸ್ಕೊಂಡೇ ಬರಬೇಕು.